ಚೈನ್‌ಸಾ ಹುಟ್ಟಿದ್ದು ಹೆರಿಗೆ ಕೋಣೆಯಲ್ಲೇ? ಗರಗಸವನ್ನು ಮರದ ಬಳಿಗೆ ಒಯ್ದ ಆಂಡ್ರಿಯಾಸ್ ಸ್ಟಿಲ್ ಕಥೆ

ಮರ ಕೊಯ್ಯುವ ಚೈನ್‌ಸಾ ಫೋಟೋ, ಅದರ ಕೆಳಗೆ ಎರಡು ಸಾಲು: ಈ ಯಂತ್ರವನ್ನು ಮೊದಲು ಕಂಡುಹಿಡಿದದ್ದು ಮರ ಕಡಿಯಲು ಅಲ್ಲ, ಹೆರಿಗೆ ಮಾಡಿಸಲು! ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಫಾರ್ವರ್ಡ್ ಬಂದಿರಬಹುದು. ಓದಿದ ಕೂಡಲೇ ಮೈ ಜುಮ್ಮೆನ್ನುತ್ತದೆ, ಕೈ ತಾನಾಗಿ ಶೇರ್ ಬಟನ್ ಕಡೆ ಹೋಗುತ್ತದೆ. ಹಾಗಾದರೆ ಇದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಆದರೆ ಫೋಟೋದಲ್ಲಿರುವ ಯಂತ್ರಕ್ಕೂ ಹೆರಿಗೆಗೂ ಸಂಬಂಧವಿಲ್ಲ.

ನಡೆದದ್ದು ಇಷ್ಟು. 1780ರ ದಶಕದಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರಿ, ಹಲ್ಲುಗಳಿರುವ ಒಂದು ಸಣ್ಣ ಸರಪಳಿಯನ್ನು ಶಸ್ತ್ರಚಿಕಿತ್ಸೆಗೆ ತಂದರು. ಕೈಗಡಿಯಾರದ ಚೈನಿನಷ್ಟು ನಯವಾದ ಸರಪಳಿ, ಎರಡೂ ತುದಿಗೆ ಒಂದೊಂದು ಹಿಡಿ. ಅದನ್ನು ಮೂಳೆಯ ಹಿಂದಿನಿಂದ ತೂರಿಸಿ ಎರಡೂ ಕೈಯಿಂದ ಆಚೀಚೆ ಎಳೆಯುತ್ತಿದ್ದರು. ಮಗು ಹೊರಬರಲಾರದೆ ಸಿಕ್ಕಿಕೊಂಡಾಗ ತಾಯಿಯ ಸೊಂಟದ ಮುಂಭಾಗದ ಮೂಳೆಗಳ ಕೂಡುವಿಕೆಯನ್ನು ಬಿಡಿಸಲು ಇದು ನೆರವಾಗುತ್ತದೆ ಎಂಬುದು ಏಟ್ಕನ್ ಲೆಕ್ಕ. ಜೆಫ್ರಿಗೆ ಬೇಕಿದ್ದದ್ದು ಕೊಳೆತ ಕೀಲುಗಳನ್ನು ಕತ್ತರಿಸಿ ತೆಗೆಯಲು. ಸಿಸೇರಿಯನ್ ಮಾಡಿದರೆ ತಾಯಿ ಬದುಕುವುದೇ ಅಪರೂಪವಾಗಿದ್ದ, ಅರಿವಳಿಕೆ ಇನ್ನೂ ಬಾರದ ಕಾಲ ಅದು. ಹಾಗಾಗಿ ಅವರನ್ನು ಕ್ರೂರಿಗಳೆಂದು ನಾವು ಬಯ್ಯುವುದು ತರವಲ್ಲ.

1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನ ಎಂಬಾತ ಇನ್ನೊಂದು ಹೆಜ್ಜೆ ಮುಂದೆ ಹೋದ. ಉದ್ದನೆಯ ಪಟ್ಟಿಯ ಸುತ್ತ ಸರಪಳಿ ಓಡುವಂತೆ ಮಾಡಿ, ಅದನ್ನು ತಿರುಗಿಸಲು ಕೈಹಿಡಿ ಇಟ್ಟ. ಸುತ್ತಿಗೆ, ಉಳಿ ಬಡಿಯದೆ ಮೂಳೆ ಕತ್ತರಿಸುವ ಉಪಕರಣ ಇದು. ನೋಡಲು ನಿಜಕ್ಕೂ ಇಂದಿನ ಚೈನ್‌ಸಾದ ಮೊಮ್ಮಗುವಿನಂತೆ ಇದೆ. ಆದರೆ ಇದು ಹೆರಿಗೆಗೆ ಬಂದದ್ದಲ್ಲ, ಮೂಳೆ ವೈದ್ಯರದ್ದು. ಫಾರ್ವರ್ಡ್ ಮಾಡುವವರು ಈ ಮೂರು ಉಪಕರಣಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ.

ಈ ಯಾವ ಉಪಕರಣವೂ ಬೆಳೆದು ಕಾಡಿಗೆ ಹೋಗಲಿಲ್ಲ. ಮರ ಕೊಯ್ಯುವ ಯಂತ್ರದ ದಾರಿಯೇ ಬೇರೆ. ಅಮೆರಿಕದ ಸ್ಯಾಮ್ಯುಯೆಲ್ ಬೆನ್ಸ್ ಎಂಬವರು ದೈತ್ಯ ರೆಡ್‌ವುಡ್ ಮರಗಳನ್ನು ಉರುಳಿಸಲು ಸರಪಳಿ ಗರಗಸಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಆ ಕಲ್ಪನೆ ಹೊಟ್ಟೆಪಾಡಿನ ಕೆಲಸಕ್ಕೆ ಒದಗುವ ಯಂತ್ರವಾಗಿ ಬೆಳೆದದ್ದು 1920ರ ದಶಕದ ಜರ್ಮನಿಯಲ್ಲಿ. ಆ ಕಥೆಯ ಮುಖ್ಯ ಹೆಸರು ಆಂಡ್ರಿಯಾಸ್ ಸ್ಟಿಲ್.

ಹೌದು, ಮಲೆನಾಡಿನ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದ ಯಂತ್ರದ ಮೇಲೆ ಕಾಣುವ ಅದೇ ಸ್ಟಿಲ್. ಇದು ಇಂಗ್ಲಿಷಿನ ಸ್ಟೀಲ್, ಅಂದರೆ ಉಕ್ಕು, ಎಂದು ತಿಳಿದವರು ಬಹಳ. ಅಲ್ಲ, ಅದು ಒಬ್ಬ ಮನುಷ್ಯನ ಮನೆತನದ ಹೆಸರು.

ದಿಮ್ಮಿ ಯಂತ್ರಕ್ಕೋ, ಯಂತ್ರ ದಿಮ್ಮಿಗೋ?

ಆಂಡ್ರಿಯಾಸ್ ಸ್ಟಿಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಸೈನಿಕನಾಗಿದ್ದರು. ಯುದ್ಧ ಮುಗಿದ ಮೇಲೆ ಎಂಜಿನಿಯರಿಂಗ್ ಓದಿ, ಯಂತ್ರಗಳ ವ್ಯವಹಾರಕ್ಕೆ ಇಳಿದರು. ಕೆಲಸದ ಮೇಲೆ ಸಾಮಿಲ್‌ಗಳಿಗೆ ಓಡಾಡುವಾಗ ಅವರ ಕಣ್ಣಿಗೆ ಬಿದ್ದದ್ದು ಒಂದು ವಿಚಿತ್ರ. ಮಿಲ್ಲಿನೊಳಗೆ ಉಗಿಯಂತ್ರಗಳು ದಿಮ್ಮಿಗಳನ್ನು ಹಲಗೆ ಮಾಡಿ ಬಿಸಾಡುತ್ತಿದ್ದವು. ಹೊರಗೆ ಕಾಡಿನಲ್ಲಿ ಮಾತ್ರ ನೂರಾರು ವರ್ಷಗಳ ಹಿಂದಿನ ಹಾಗೆಯೇ ಕೊಡಲಿ, ಇಬ್ಬರು ಎಳೆಯುವ ಗರಗಸ. ನಮ್ಮಲ್ಲೂ ಹಳಬರು ಆ ಜೋಡಿ ಗರಗಸ ಎಳೆದವರೇ. ಒಬ್ಬ ಎಳೆದರೆ ಇನ್ನೊಬ್ಬ ಬಿಡಬೇಕು, ಉಸಿರೂ ಜೊತೆಗೂಡಬೇಕು. ದಿನವಿಡೀ ಬಗ್ಗಿ ಎಳೆದವರ ಸೊಂಟದ ಪಾಡು ಹೇಳಬೇಕಿಲ್ಲ.

ದಿಮ್ಮಿಯನ್ನು ಯಂತ್ರದ ಬಳಿಗೆ ಸಾಗಿಸುವ ಬದಲು ಯಂತ್ರವನ್ನೇ ದಿಮ್ಮಿಯ ಬಳಿಗೆ ಒಯ್ದರೆ ಹೇಗೆ? ಸ್ಟಿಲ್ ಅವರ ಇಡೀ ಬದುಕು ಈ ಒಂದು ಪ್ರಶ್ನೆಯ ಹಿಂದೆ ಕಳೆಯಿತು ಎಂದರೆ ತಪ್ಪಾಗದು.

1926ರಲ್ಲಿ ಅವರು ಸ್ಟಟ್‌ಗಾರ್ಟ್ ನಗರದಲ್ಲಿ ತಮ್ಮ ಹೆಸರಿನಲ್ಲೇ ಸಣ್ಣ ಕಂಪನಿ ತೆರೆದರು. ಆರಂಭದಲ್ಲಿ ಹೊಟ್ಟೆ ಹೊರೆದದ್ದು ಬಾಯ್ಲರ್‌ಗಳ ಉರಿಗೆ ಜೋಡಿಸುವ ಉಪಕರಣಗಳು ಮತ್ತು ಬಟ್ಟೆ ಒಗೆಯುವ ಯಂತ್ರಗಳು. ಅದೇ ವರ್ಷ ಅವರ ಮೊದಲ ಸರಪಳಿ ಗರಗಸವೂ ಹೊರಬಂತು. ವಿದ್ಯುತ್ತಿನಿಂದ ಓಡುವ ಆ ಯಂತ್ರದ ತೂಕ 64 ಕಿಲೋ. ಒಂದು ಸಿಮೆಂಟ್ ಮೂಟೆ 50 ಕಿಲೋ ಎಂದು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. ಎತ್ತಲು ಇಬ್ಬರು ಬೇಕು, ಕರೆಂಟಿನ ವಯರು ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ ಮಾತ್ರ ಕೆಲಸ. ಹಾಗಾಗಿ ಅದು ಕಾಡಿಗಿಂತ ದಿಮ್ಮಿ ರಾಶಿ ಹಾಕಿದ ಅಂಗಳಕ್ಕೇ ಹೊಂದುವಂಥದ್ದಾಗಿತ್ತು.

ಆದರೂ ಇಂದಿನ ಚೈನ್‌ಸಾದ ಮೂಲ ಅಂಗಗಳೆಲ್ಲ ಅಲ್ಲೇ ಇದ್ದವು. ಉದ್ದಕ್ಕೆ ಚಾಚಿದ ಉಕ್ಕಿನ ಪಟ್ಟಿಗೆ ಬಾರ್ ಎನ್ನುತ್ತೇವೆ. ಅದರ ಅಂಚಿನ ಸುತ್ತ ಸಣ್ಣ ಕಾಲುವೆಯಂಥ ಸಂದು, ಆ ಸಂದಿನಲ್ಲಿ ಜಾರುತ್ತ ಓಡುವುದೇ ಚೈನು. ಅದನ್ನು ಎಳೆಯುವುದು ಬುಡದಲ್ಲಿರುವ ಹಲ್ಲುಚಕ್ರ, ಸೈಕಲ್ ಪೆಡಲಿನ ಬಳಿ ಇರುವಂಥದ್ದೇ, ಅದು ಸ್ಪ್ರಾಕೆಟ್. ಬಾರ್ ಏನನ್ನೂ ಕತ್ತರಿಸುವುದಿಲ್ಲ, ಅದು ಬರೀ ಹಳಿ. ಹೊಸದಾಗಿ ಯಂತ್ರ ಕೊಂಡವರಲ್ಲಿ ಇದನ್ನು ಅರಿಯದೆ ಬಾರನ್ನು ಸನಿಕೆಯ ಹಾಗೆ ಒತ್ತುವವರು ಬಹಳ. ಚೈನು ಹರಿತವಿದ್ದರೆ ಯಂತ್ರದ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ಒತ್ತಬೇಕಾಗಿ ಬಂತೆಂದರೆ ಚೈನು ಮೊಂಡಾಗಿದೆ ಎಂದೇ ಅರ್ಥ.

1929ರಲ್ಲಿ ಸ್ಟಿಲ್ ಪೆಟ್ರೋಲಿನಿಂದ ಓಡುವ ಮರ ಉರುಳಿಸುವ ಯಂತ್ರ ತಂದರು. 6 ಹಾರ್ಸ್‌ಪವರ್, 46 ಕಿಲೋ. ವಯರಿನ ಹಂಗು ತಪ್ಪಿತು, ಯಂತ್ರ ಕಾಡು ಹೊಕ್ಕಿತು. ಈಗಲೂ ಇಬ್ಬರು ಬೇಕಿತ್ತು: ಒಬ್ಬ ಎಂಜಿನ್ ಕಡೆ, ಇನ್ನೊಬ್ಬ ಬಾರಿನ ತುದಿಯ ಹಿಡಿ ಹಿಡಿದು ಮರದ ಆಚೆ. ಜೋಡಿ ಗರಗಸದ ಜಾಗಕ್ಕೆ ಎಂಜಿನ್ ಬಂದಿತ್ತು ಅಷ್ಟೆ, ಜೋಡಿ ಹಾಗೆಯೇ ಉಳಿದಿತ್ತು.

ಚೈನ್‌ಸಾ ಕಂಡುಹಿಡಿದವರು ಸ್ಟಿಲ್ ಒಬ್ಬರೇ ಎನ್ನುವುದೂ ಸರಿಯಲ್ಲ ಎಂದು ಇಲ್ಲೇ ಹೇಳಿಬಿಡೋಣ. 1927ರಲ್ಲೇ ಎಮಿಲ್ ಲೆರ್ಪ್ ಎಂಬ ಇನ್ನೊಬ್ಬ ಜರ್ಮನ್ ತನ್ನ ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಎಂಬ ಬೆಟ್ಟದಲ್ಲಿ ಪರೀಕ್ಷಿಸಿದ್ದರು. ಆ ಬೆಟ್ಟದ ಹೆಸರೇ ಅವರ ಕಂಪನಿಯ ಹೆಸರಾಯಿತು. ಇಬ್ಬರದ್ದೂ ಒಂದೇ ಕಾಲ, ಒಂದೇ ದೇಶ, ಒಂದೇ ಹಠ. ಕೊನೆಗೆ ಹೆಚ್ಚು ದೂರ ಹೋದದ್ದು ಸ್ಟಿಲ್. 1930ರ ದಶಕದ ಆರಂಭದಲ್ಲೇ ಅವರ ಯಂತ್ರಗಳು ಸೋವಿಯತ್ ರಷ್ಯಾಕ್ಕೂ ಉತ್ತರ ಅಮೆರಿಕಕ್ಕೂ ಹಡಗು ಹತ್ತಿದವು.

ಹೊಗಳಿಕೆಯ ಫಾರ್ವರ್ಡ್‌ಗಳು ಬಿಟ್ಟುಬಿಡುವ ಪುಟ

ಸಾಧಕರ ಬಗ್ಗೆ ಬರುವ ಫಾರ್ವರ್ಡ್‌ಗಳಿಗೆ ಒಂದು ಚಾಳಿ ಇದೆ. ಬಡತನ, ಕನಸು, ಗೆಲುವು, ಮುಗಿಯಿತು. ಸ್ಟಿಲ್ ಬದುಕಿನಲ್ಲಿ ಹಾಗೆ ಹಾರಿ ದಾಟಲಾಗದ ಹನ್ನೆರಡು ವರ್ಷಗಳಿವೆ.

ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರಲ್ಲಿ. ಅದೇ ವರ್ಷ ಸ್ಟಿಲ್ ನಾಜಿ ಪಕ್ಷ ಸೇರಿದರು, ಮುಂದೆ ಎಸ್ಎಸ್ ಸಂಘಟನೆಯ ಸದಸ್ಯರೂ ಆದರು. ಯುದ್ಧ ಶುರುವಾದ ಮೇಲೆ ಅವರ ಗರಗಸಗಳು ಜರ್ಮನ್ ಸೈನ್ಯಕ್ಕೂ ಹೋದವು. ದಾರಿ ಬಿಡಿಸಲು, ಸೇತುವೆ ಕಟ್ಟಲು ಸೈನ್ಯಕ್ಕೆ ಮರ ಬೇಕೇಬೇಕು. ಕಾರ್ಖಾನೆಯಲ್ಲಿ ಬೇರೆ ದೇಶಗಳಿಂದ ಒತ್ತಾಯದಿಂದ ಹಿಡಿದು ತಂದ ಕಾರ್ಮಿಕರನ್ನೂ ದುಡಿಸಲಾಯಿತು. ಆ ಕಾಲದ ಜರ್ಮನ್ ಉದ್ಯಮಗಳಲ್ಲಿ ಇದು ವ್ಯಾಪಕವಾಗಿತ್ತು, ನಿಜ. ಹಾಗೆಂದ ಮಾತ್ರಕ್ಕೆ ಅದು ಸಣ್ಣ ವಿಷಯವಾಗುವುದಿಲ್ಲ. ಜನರ ಬೆನ್ನಿನ ಭಾರ ಇಳಿಸುವ ಯಂತ್ರವನ್ನು ತಮ್ಮ ಇಚ್ಛೆಯಿಂದ ಅಲ್ಲಿಗೆ ಬಾರದ ಜನರ ಕೈಯಲ್ಲಿ ಮಾಡಿಸಿದ್ದರು.

ಮಿತ್ರಪಡೆಗಳ ಬಾಂಬ್ ದಾಳಿಗೆ ಸ್ಟಟ್‌ಗಾರ್ಟಿನ ಕಾರ್ಖಾನೆ ತುತ್ತಾಯಿತು. ಕೆಲಸ ಊರಾಚೆಯ ವೈಬ್ಲಿಂಗನ್ ಕಡೆಗೆ ಸ್ಥಳಾಂತರವಾಯಿತು. ಯುದ್ಧ ಸೋತ ಮೇಲೆ ಅಮೆರಿಕನ್ನರು ಸ್ಟಿಲ್ ಅವರನ್ನು ಬಂಧನ ಶಿಬಿರದಲ್ಲಿ ಇಟ್ಟರು. 1948ರವರೆಗೆ ಅವರು ಹೊರಬರಲಿಲ್ಲ. ಬಂದ ಮೇಲೆ, ವಿಚಾರಣೆಯ ವಿಧಿಗಳೆಲ್ಲ ಮುಗಿದು, ಕಾರ್ಖಾನೆ ಮತ್ತೆ ಅವರ ಕೈಗೆ ಬಂತು.

ಹುಳುವೊಂದು ಕಲಿಸಿದ ಪಾಠ

ಸ್ಟಿಲ್ ಶಿಬಿರದಲ್ಲಿದ್ದ ಹೊತ್ತಿಗೆ ಸಾಗರದಾಚೆ, ಅಮೆರಿಕದ ಒರೆಗಾನ್ ಸೀಮೆಯಲ್ಲಿ, ಅವರಿಗೆ ಪರಿಚಯವೇ ಇಲ್ಲದ ಒಬ್ಬ ಮರ ಕಡಿಯುವಾತ ಚೈನ್‌ಸಾದ ಚರಿತ್ರೆಯನ್ನೇ ತಿರುಗಿಸಿದ. ಸ್ಟಿಲ್ ಜೀವನಚರಿತ್ರೆಗೆ ಇದು ಅಡ್ಡಕಥೆ. ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗದು.

ಆಗಿನ ಚೈನುಗಳ ಹಲ್ಲುಗಳು ಕೈಗರಗಸದ ಹಲ್ಲುಗಳ ನಕಲು. ಮರವನ್ನು ಕೆರೆದು ಕೆರೆದು ಪುಡಿ ಮಾಡುತ್ತಿದ್ದವು. ಬೇಗ ಮೊಂಡಾಗುತ್ತಿದ್ದವು, ಅರ ಹಾಕಿ ಹರಿತ ಮಾಡುವುದರಲ್ಲೇ ಅರ್ಧ ದಿನ. 1946ರಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಸೌದೆ ಒಡೆಯುವಾಗ ಮರ ಕೊರೆಯುವ ದುಂಬಿಯ ಮರಿಹುಳುವನ್ನು ಕಂಡ. ಬೆರಳು ಗಾತ್ರದ ಮೆತ್ತನೆಯ ಹುಳು. ಅದು ಗಟ್ಟಿ ಮರದೊಳಗೆ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ದಾರಿ ಮಾಡಿಕೊಂಡು ಹೋಗುತ್ತಿತ್ತು. ಹೇಗೆ? ಗಮನಿಸಿ ನೋಡಿದರೆ ಅದರ ಎರಡು ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೆತ್ತುತ್ತಿದ್ದವು. ಕೆರೆಯುತ್ತಿರಲಿಲ್ಲ. ಕಾಕ್ಸ್ ಅದೇ ಆಕಾರದ ಹಲ್ಲುಗಳನ್ನು ಉಕ್ಕಿನಲ್ಲಿ ಮಾಡಿ, ಒಂದು ಎಡಕ್ಕೆ ಒಂದು ಬಲಕ್ಕೆ ಎಂದು ಚೈನಿಗೆ ಪೋಣಿಸಿದ. 1947ರಲ್ಲಿ ಕಂಪನಿಯನ್ನೂ ತೆರೆದ. ಇಂದು ಯಾವ ಬ್ರಾಂಡಿನ ಚೈನ್ ತೆಗೆದು ನೋಡಿದರೂ ಆ ಹುಳುವಿನ ದವಡೆಯ ನೆರಳು ಕಾಣುತ್ತದೆ.

ನಿಮ್ಮ ಮನೆಯಲ್ಲಿ ಯಂತ್ರವಿದ್ದರೆ ಚೈನ್ ನೋಡಿ. ಪ್ರತಿ ಕತ್ತರಿಸುವ ಹಲ್ಲಿನ ಮುಂದೆ ಒಂದು ಮೊಂಡು ಗುಬುಟು ಇರುತ್ತದೆ. ಅದಕ್ಕೆ ಡೆಪ್ತ್ ಗೇಜ್ ಎನ್ನುತ್ತಾರೆ, ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕು ಎಂದು ಲಗಾಮು ಹಾಕುವುದು ಅದರ ಕೆಲಸ. ಬೇಗ ಕೊಯ್ಯಲಿ ಎಂದು ಕೆಲವರು ಅದನ್ನು ಕಂಡಾಪಟ್ಟೆ ಅರದಿಂದ ಉಜ್ಜಿಬಿಡುತ್ತಾರೆ. ಆಗ ಹಲ್ಲು ದುರಾಸೆಯಿಂದ ಕಚ್ಚುತ್ತದೆ, ಯಂತ್ರ ಜಗ್ಗುತ್ತದೆ, ಹಿಡಿತ ತಪ್ಪುತ್ತದೆ.

ಚೈನ್ ಹರಿತವಿದೆಯೇ ಎಂದು ತಿಳಿಯಲು ಬೆರಳಿಟ್ಟು ನೋಡಬೇಕಿಲ್ಲ. ಕೊಯ್ದಾಗ ಉದುರುವುದು ಅವಲಕ್ಕಿಯಂಥ ಚಕ್ಕೆಯಾಗಿದ್ದರೆ ಸರಿ. ಹಿಟ್ಟಿನಂಥ ಹುಡಿ ಬಂದರೆ ಅರ ಹಾಕುವ ಹೊತ್ತಾಗಿದೆ.

ಇಬ್ಬರ ಯಂತ್ರ ಒಬ್ಬನ ಕೈಗೆ

ಯುದ್ಧಾನಂತರ ಸ್ಟಿಲ್ ಕಂಪನಿ ಕೆಲಕಾಲ ಸಣ್ಣ ಟ್ರ್ಯಾಕ್ಟರ್‌ಗಳನ್ನೂ ಮಾಡಿತು. ಆದರೆ ಆಂಡ್ರಿಯಾಸ್ ಅವರ ಮನಸ್ಸಿದ್ದದ್ದು ತೂಕ ಇಳಿಸುವುದರಲ್ಲಿ. 1950ರಲ್ಲಿ ಬಿಎಲ್ ಎಂಬ ಮಾದರಿ ಬಂತು: 16 ಕಿಲೋ, ಒಬ್ಬನೇ ಹಿಡಿದು ಕೆಲಸ ಮಾಡಬಹುದಾದ ಪೆಟ್ರೋಲ್ ಗರಗಸ. 1954ರ ಬಿಎಲ್‌ಕೆ 11 ಕಿಲೋಗೆ ಇಳಿಯಿತು. 1959ರಲ್ಲಿ ಬಂದ ಕಾಂಟ್ರಾ ಅವರ ಬಾಳಿನ ದೊಡ್ಡ ಗೆಲುವು. ಅದರಲ್ಲಿ ಗೇರುಗಳೇ ಇಲ್ಲ, ಎಂಜಿನ್ ನೇರವಾಗಿ ಚೈನನ್ನು ತಿರುಗಿಸುತ್ತದೆ. 12 ಕಿಲೋ ತೂಕದಲ್ಲಿ 6 ಹಾರ್ಸ್‌ಪವರ್, ಅಂದರೆ 1929ರ 46 ಕಿಲೋ ಯಂತ್ರದಷ್ಟೇ ಶಕ್ತಿ. ಸುಮಾರು ಕಾಲು ಭಾಗದ ತೂಕ.

ಇದರ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಭಾಗದ ಪಾತ್ರವಿತ್ತು, ಅದು ಕಾರ್ಬುರೇಟರ್. ಹಳೆಯ ಬೈಕ್ ಅಡ್ಡ ಬಿದ್ದರೆ ಪೆಟ್ರೋಲ್ ಸೋರುವುದನ್ನು ನೀವು ಕಂಡಿರುತ್ತೀರಿ. ಅದರ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿದೆ, ಅದು ನೆಟ್ಟಗೇ ಇರಬೇಕು. ಮರ ಕೊಯ್ಯುವಾಗ ಯಂತ್ರವನ್ನು ನೆಟ್ಟಗೆ, ಅಡ್ಡ, ಓರೆ ಹೇಗೆ ಬೇಕಾದರೂ ಹಿಡಿಯಬೇಕಾಗುತ್ತದೆ. ಬಟ್ಟಲಿನ ಬದಲು ತೆಳು ಪೊರೆಯಿಂದ ಪೆಟ್ರೋಲ್ ಹತೋಟಿ ಮಾಡುವ ಡಯಾಫ್ರಾಮ್ ಕಾರ್ಬುರೇಟರ್ ಬಂದ ಮೇಲೆ ಆ ತೊಡಕು ಹೋಯಿತು.

ಯಂತ್ರ ನಿಂತಲ್ಲೇ ಗುರುಗುಟ್ಟುವಾಗ ಚೈನ್ ಓಡದಿರುವುದಕ್ಕೂ ಕಾರಣವಿದೆ. ನಡುವೆ ಸೆಂಟ್ರಿಫ್ಯೂಗಲ್ ಕ್ಲಚ್ ಎಂಬುದಿದೆ. ರೇಸ್ ಕೊಟ್ಟಾಗ ಅದರ ತುಂಡುಗಳು ತಿರುಗುವ ಬಿರುಸಿಗೆ ಹೊರಚಾಚಿ ಡ್ರಮ್ಮನ್ನು ಹಿಡಿಯುತ್ತವೆ, ಆಗ ಮಾತ್ರ ಚೈನ್ ಓಡುತ್ತದೆ. ಸ್ಕೂಟಿಯೂ ಹೀಗೆಯೇ. ರೇಸ್ ಬಿಟ್ಟ ಮೇಲೂ ಚೈನ್ ಹರಿದಾಡುತ್ತಿದ್ದರೆ ಯಂತ್ರವನ್ನು ಮೆಕ್ಯಾನಿಕ್‌ಗೆ ತೋರಿಸಿ, ಆ ಸ್ಥಿತಿಯಲ್ಲಿ ಮರ ಹತ್ತಿರ ಹೋಗಬೇಡಿ.

ಹಗುರವಾದದ್ದರಿಂದ ಕೆಲಸ ಸುಲಭವಾಯಿತು. ಅಪಾಯದ ರೂಪವೂ ಬದಲಾಯಿತು. 46 ಕಿಲೋ ಯಂತ್ರವನ್ನು ಆಚೆ ತುದಿಯಲ್ಲಿ ಇನ್ನೊಬ್ಬ ಹಿಡಿದಿದ್ದಾಗ ಅದು ಎಗರಿ ಮುಖಕ್ಕೆ ಬರುವುದು ಸುಲಭವಿರಲಿಲ್ಲ. ಈಗ ಆಚೆ ತುದಿ ಖಾಲಿ. ಬಾರಿನ ಮೂತಿ ಗಾಳಿಯಲ್ಲಿ ಸ್ವತಂತ್ರವಾಗಿದೆ, ಹಿಂದಿರುವುದು ಒಬ್ಬನೇ ಮನುಷ್ಯ.

ಮೂತಿಯ ಮೇಲ್ಭಾಗ, ಕಿಕ್‌ಬ್ಯಾಕ್ ಎಂಬ ಹೊಡೆತ

ಪೂರ್ಣ ವೇಗದಲ್ಲಿ ಇಂದಿನ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಬಾರಿನ ಮೂತಿಯಲ್ಲಿ, ಅದರ ಮೇಲಿನ ಅರ್ಧಕ್ಕೆ, ಯಾವುದಾದರೂ ಕೊಂಬೆಯೋ ಪಕ್ಕದ ದಿಮ್ಮಿಯೋ ತಗುಲಿತು ಎಂದುಕೊಳ್ಳಿ. ಅಲ್ಲಿ ಚೈನ್ ಕೆಳಮುಖವಾಗಿ ಬಾಗುತ್ತ ಓಡುತ್ತಿರುತ್ತದೆ. ಹಲ್ಲು ಮರವನ್ನು ಕಚ್ಚಿ ಒಳಹೋಗಲಾರದೆ ಸಿಕ್ಕಿದರೆ ಚೈನಿನ ಓಟದ ಶಕ್ತಿಯೆಲ್ಲ ಯಂತ್ರವನ್ನೇ ಮೇಲಕ್ಕೂ ಹಿಂದಕ್ಕೂ ಎಸೆಯುತ್ತದೆ. ಬಾರ್ ಚಾಪದಂತೆ ತಿರುಗಿ ಮುಖ, ಕುತ್ತಿಗೆ, ಭುಜದ ಕಡೆಗೆ ಬರುತ್ತದೆ. ಇದೇ ಕಿಕ್‌ಬ್ಯಾಕ್. ಸೆಕೆಂಡಿನ ಹತ್ತನೇ ಒಂದೆರಡು ಪಾಲಿನಲ್ಲಿ ಎಲ್ಲ ಮುಗಿದಿರುತ್ತದೆ. ನಮ್ಮ ಮೆದುಳು ನೋಡಿ, ತಿಳಿದು, ಕೈ ಅಲುಗಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಂಥ ನುರಿತ ಕೆಲಸಗಾರನಾದರೂ ಕಿಕ್‌ಬ್ಯಾಕ್ ಆದ ಮೇಲೆ ತಪ್ಪಿಸಿಕೊಳ್ಳಲಾರ. ಅದು ಆಗದಂತೆ ನೋಡಿಕೊಳ್ಳಬಹುದು ಅಷ್ಟೆ.

ತೋಳಲ್ಲಿ ಬಲವಿದ್ದರೆ ತಡೆಯಬಹುದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ವಿಜ್ಞಾನ ಅದಕ್ಕೆ ಒಪ್ಪುವುದಿಲ್ಲ. ಎರಡೂ ಕೈಯಿಂದ ಹಿಡಿಯಬೇಕು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿರಬೇಕು. ತಲೆ ಬಾರಿನ ನೇರಕ್ಕೆ ಇರಬಾರದು, ಸ್ವಲ್ಪ ಪಕ್ಕಕ್ಕಿರಬೇಕು. ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬಾರದು. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಗೆಲ್ಲು ಹಿಡಿದು ಇನ್ನೊಂದರಲ್ಲಿ ಯಂತ್ರ ಆಡಿಸುವ ವಿಡಿಯೋಗಳಿಗೆ ಲೈಕ್ ಒತ್ತುವ ಮುನ್ನ ಈ ಹತ್ತನೇ ಒಂದು ಸೆಕೆಂಡನ್ನು ನೆನೆಯಿರಿ.

ಇನ್ನೊಂದು ತೊಂದರೆ ನಿಧಾನವಾಗಿ ಬಂತು. ದಿನವಿಡೀ ಯಂತ್ರ ಹಿಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟತೊಡಗಿದವು. ಎಡೆಬಿಡದ ಕಂಪನ ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳನ್ನು ಕೆಡಿಸುತ್ತದೆ, ಮುಂದುವರಿದರೆ ಅಂಗಿಯ ಗುಂಡಿ ಹಾಕುವುದೂ ಕಷ್ಟ. ಹಾಗಾಗಿ 1960ರ ದಶಕದಲ್ಲಿ ಹಿಡಿಗೂ ಎಂಜಿನ್ನಿಗೂ ನಡುವೆ ಕಂಪನ ಹೀರುವ ವ್ಯವಸ್ಥೆ ಬಂತು. ನಿಮ್ಮ ಯಂತ್ರದ ಹಿಡಿಯ ಬಳಿ ರಬ್ಬರ್ ಬುಷ್ ಅಥವಾ ಸ್ಪ್ರಿಂಗ್ ಹರಿದಿದ್ದರೆ ಬದಲಿಸಿ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ.

ಯಂತ್ರ ಬದಲಾಯಿತು, ಮರ ಬೀಳುವ ನಿಯಮ ಬದಲಾಗಲಿಲ್ಲ

ಗರಗಸ 64 ಕಿಲೋದಿಂದ 12 ಕಿಲೋಗೆ ಇಳಿದರೂ ಮರವನ್ನು ಉರುಳಿಸುವ ಬಗೆ ಕೊಡಲಿಯ ಕಾಲದ್ದೇ. ಕೊಡಲಿ ಹಿಡಿದವನಿಗೆ ಮರವನ್ನು ಓದಲು ಗಂಟೆಗಟ್ಟಲೆ ಸಮಯವಿತ್ತು. ಚೈನ್‌ಸಾ ಆ ಸಮಯವನ್ನು ನಿಮಿಷಗಳಿಗೆ ಇಳಿಸಿತು. ಕಲಿಯದವರ ಕೈಗೆ ಸಿಕ್ಕಾಗ ತೊಂದರೆ ಆಗುವುದು ಇಲ್ಲಿಯೇ.

ಮೊದಲು ಯಂತ್ರ ಕೆಳಗಿಟ್ಟು ಮರದ ಸುತ್ತ ನಡೆಯಬೇಕು. ಯಾವ ಕಡೆ ವಾಲಿದೆ, ಭಾರ ಎತ್ತ, ಒಣಗಿದ ಕೊಂಬೆ ಮೇಲೆ ತೂಗುತ್ತಿದೆಯೇ, ಕರೆಂಟಿನ ತಂತಿ ಎಲ್ಲಿದೆ? ಉಳಿದವರೆಲ್ಲ ಮರದ ಎತ್ತರದ ಎರಡು ಪಟ್ಟು ದೂರ ಇರಬೇಕು. ಬೀಳುವ ದಿಕ್ಕಿಗೆ ಮುಖ ಮಾಡಿ ನಿಂತರೆ ಹಿಂದಕ್ಕೆ ಓರೆಯಾಗಿ ಎಡಕ್ಕೊಂದು ಬಲಕ್ಕೊಂದು ದಾರಿಯನ್ನು ಮುಂಚೆಯೇ ಸವರಿ ಇಟ್ಟುಕೊಳ್ಳಬೇಕು. ಮರದ ನೇರ ಹಿಂದೆ ಓಡುವುದು ಸುರಕ್ಷಿತ ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಬೀಳುವಾಗ ಬುಡ ಹಿಂದಕ್ಕೆ ಒದೆಯಬಹುದು.

ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕುತ್ತಾರೆ. ಮೇಲಿನಿಂದ ಓರೆಯಾಗಿ ಒಂದು ಕೊಯ್ತ, ಕೆಳಗೆ ಅಡ್ಡಕ್ಕೆ ಇನ್ನೊಂದು. ಎರಡೂ ಸೇರಿ ಕಲ್ಲಂಗಡಿ ಹೋಳಿನಂಥ ತುಂಡು ಹೊರಬೀಳುತ್ತದೆ. ಆಳ ಮರದ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು. ಬಳಿಕ ಹಿಂದಿನಿಂದ, ಕಚ್ಚಿನ ಮೂಲೆಗಿಂತ ತುಸು ಮೇಲೆ, ಬೀಳಿಸುವ ಕೊಯ್ತ. ಆ ಕೊಯ್ತ ಕಚ್ಚನ್ನು ಮುಟ್ಟಬಾರದು. ನಡುವೆ ದಪ್ಪದ ಹತ್ತನೇ ಒಂದು ಪಾಲಿನಷ್ಟು ಮರ ಅಡ್ಡಕ್ಕೆ ಪಟ್ಟಿಯಂತೆ ಉಳಿಯಬೇಕು. 50 ಸೆಂಟಿಮೀಟರ್ ದಪ್ಪದ ಮರಕ್ಕೆ ಸುಮಾರು 5 ಸೆಂಟಿಮೀಟರ್.

ಇಡೀ ವಿದ್ಯೆ ಇರುವುದು ಆ ಪಟ್ಟಿಯಲ್ಲಿ. ಅದು ಬಾಗಿಲಿನ ಕೀಲು. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಮರ ಆ ಪಟ್ಟಿಯ ಮೇಲೆ ಮಡಚಿ ನಿಧಾನವಾಗಿ, ಹೇಳಿದ ಕಡೆಗೆ ಇಳಿಯುತ್ತದೆ. ಬೇಗ ಬೀಳಲಿ ಎಂದು ಅದನ್ನೂ ಕೊಯ್ದುಬಿಟ್ಟರೆ ಕೀಲು ಕಿತ್ತ ಬಾಗಿಲಿನಂತೆ ಮರ ಎತ್ತ ಬೇಕಾದರೂ ಬೀಳುತ್ತದೆ. ಮರ ಬೀಳದೆ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಂಡರೆ? ಅದಕ್ಕೇ ಬೆಣೆ. ಕೊಯ್ತ ಸ್ವಲ್ಪ ಒಳಹೋದ ಕೂಡಲೇ ಹಿಂದೆ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಬಡಿಯುತ್ತಾರೆ. ಕಬ್ಬಿಣದ ಬೆಣೆ ಬೇಡ, ಚೈನ್ ತಗುಲಿದರೆ ಹಲ್ಲು ಹಾರುತ್ತದೆ.

ಜೋರಾಗಿ ವಾಲಿದ ಮರ ಇನ್ನೂ ಕೆಟ್ಟದ್ದು. ಹಿಂದಿನಿಂದ ಕೊಯ್ಯುತ್ತಿರುವಾಗಲೇ ಭಾರ ತಾಳದೆ ಕಾಂಡ ಉದ್ದಕ್ಕೆ ಸೀಳಿ, ಸೀಳಿನ ಅರ್ಧ ಮೇಲಕ್ಕೆ ಚಿಮ್ಮಿ ಕೊಯ್ಯುವವನ ಎದೆಗೋ ಮುಖಕ್ಕೋ ಬಡಿಯುತ್ತದೆ. ಅಂಥ ಮರಕ್ಕೆ ಬೇರೆ ಕ್ರಮವಿದೆ, ಅದನ್ನು ಕಲಿತವರ ಬಳಿ ನಿಂತೇ ಕಲಿಯಬೇಕು, ಮೊಬೈಲಿನಲ್ಲಿ ಓದಿ ಅಲ್ಲ. ಈ ಲೇಖನ ಓದಿಯೂ ಅಲ್ಲ.

ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಡೆ ರಸ್ತೆಗೆ ಮರ ಅಡ್ಡ ಬಿದ್ದಾಗ ಯಾರಾದರೊಬ್ಬರು ಮನೆಯಿಂದ ಯಂತ್ರ ತರುತ್ತಾರೆ. ಬಿದ್ದ ಮರ ಸತ್ತ ಹಾವಲ್ಲ. ಅದು ಎರಡು ಕಡೆ ಊರಿಕೊಂಡು ನಡುವೆ ಬಾಗಿದ್ದರೆ ಮೇಲ್ಭಾಗ ಒತ್ತಡದಲ್ಲಿದೆ, ಕೆಳಭಾಗ ಎಳೆತದಲ್ಲಿದೆ. ಮೇಲಿನಿಂದಲೇ ಕೊಯ್ಯುತ್ತ ಹೋದರೆ ಸಂದು ಮುಚ್ಚಿಕೊಂಡು ಬಾರ್ ಸಿಕ್ಕಿಬೀಳುತ್ತದೆ. ಒತ್ತಡದ ಕಡೆ ಸ್ವಲ್ಪ ಮಾತ್ರ ಕೊಯ್ದು, ಆಮೇಲೆ ಎಳೆತದ ಕಡೆಯಿಂದ ಮುಗಿಸುವುದು ಕ್ರಮ. ಬೇರು ಸಮೇತ ಕಿತ್ತು ಬಿದ್ದ ಮರವಾದರೆ, ಕಾಂಡ ಕತ್ತರಿಸಿದ ಕ್ಷಣ ಬೇರಿನ ಮಣ್ಣುಗೋಡೆ ಮತ್ತೆ ಗುಂಡಿಗೆ ಎಗರಿ ಕೂರಬಹುದು. ಆ ಗುಂಡಿಯ ಬಳಿ ಮಕ್ಕಳು ನಿಂತು ನೋಡುವುದನ್ನು ನಾವು ಹಲವು ವಿಡಿಯೋಗಳಲ್ಲಿ ಕಂಡಿದ್ದೇವೆ. ತಂತಿ ಮರಕ್ಕೆ ತಗುಲಿದ್ದರಂತೂ ವಿದ್ಯುತ್ ಇಲಾಖೆಯವರು ಲೈನ್ ಆಫ್ ಮಾಡಿದ್ದು ಖಚಿತವಾಗುವವರೆಗೆ ಯಾರೂ ಹತ್ತಿರ ಹೋಗಬಾರದು.

ನಿಂತ ಮರದ ವಿಷಯಕ್ಕೆ ಇನ್ನೊಂದು ಮಾತು. ತನ್ನ ಜಮೀನಿನ ಮರ ತನ್ನಿಷ್ಟ ಎಂಬುದು ಕಾನೂನಿನ ಪ್ರಕಾರ ಪೂರ್ತಿ ನಿಜವಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದವಕ್ಕೆ ಅನುಮತಿ ಬೇಕು.

ಕೊನೆಯ ವರ್ಷಗಳು

1960ರ ದಶಕದಲ್ಲಿ ಸ್ಟಿಲ್ ಅವರ ಮಗ ಹನ್ಸ್ ಪೀಟರ್ ಮತ್ತು ಮಗಳು ಈವಾ ಕಂಪನಿಯ ಕೆಲಸಕ್ಕೆ ಕೈ ಕೊಟ್ಟರು. 1971ರ ಹೊತ್ತಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಚೈನ್‌ಸಾ ಬ್ರಾಂಡ್ ಅವರದಾಗಿತ್ತು. 1973ರ ಜನವರಿ 14ರಂದು, 76ನೆಯ ವಯಸ್ಸಿನಲ್ಲಿ, ಆಂಡ್ರಿಯಾಸ್ ಸ್ಟಿಲ್ ತೀರಿಕೊಂಡರು. ವ್ಯವಹಾರ ಹನ್ಸ್ ಪೀಟರ್ ಅವರ ಹೆಗಲಿಗೆ ಬಂತು.

ಅವರ ಕೊನೆಯ ದಿನಗಳ ಸುಮಾರಿಗೆ, 1970ರ ದಶಕದ ಆರಂಭದಲ್ಲಿ, ಚೈನ್‌ಸಾಗಳಿಗೆ ಹೊಸ ಭಾಗವೊಂದು ಸೇರಿಕೊಳ್ಳುತ್ತಿತ್ತು. ಒಬ್ಬನ ಕೈಗೆ ಬಂದ ಹಗುರ ಯಂತ್ರ ತಂದಿಟ್ಟ ಕಿಕ್‌ಬ್ಯಾಕ್‌ಗೆ ಉತ್ತರವದು: ಚೈನ್ ಬ್ರೇಕ್. ಮುಂದಿನ ಹಿಡಿಯ ಮುಂದೆ ನಿಂತಿರುವ ಪ್ಲಾಸ್ಟಿಕ್ ಕೈಕಾಪು ಬರೀ ಕಾಪಲ್ಲ, ಅದೇ ಬ್ರೇಕಿನ ಸನ್ನೆ. ಯಂತ್ರ ಎಗರಿದಾಗ ಎಡಗೈ ಮಣಿಕಟ್ಟು ತಾಗಿ ಅದು ಮುಂದಕ್ಕೆ ಬೀಳುತ್ತದೆ, ಒಳಗೆ ಉಕ್ಕಿನ ಪಟ್ಟಿಯೊಂದು ಕ್ಲಚ್ ಡ್ರಮ್ಮನ್ನು ಬಿಗಿದು ಕಣ್ಣು ಮಿಟುಕಿಸುವುದರೊಳಗೆ ಚೈನ್ ನಿಲ್ಲಿಸುತ್ತದೆ. ಇಂದಿನ ಯಂತ್ರಗಳಲ್ಲಿ ಕೈ ತಾಗದಿದ್ದರೂ ಎಗರಿದ ರಭಸಕ್ಕೇ ಅದು ಬೀಳುವ ಏರ್ಪಾಡಿದೆ.

ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡವರಲ್ಲಿ ಈ ಕಾಪನ್ನು ಅಡ್ಡಿಯೆಂದು ಬಿಚ್ಚಿಟ್ಟವರಿದ್ದಾರೆ. ಒಳಗೆ ಹೊಟ್ಟು, ಎಣ್ಣೆ ಸೇರಿ ಬ್ರೇಕ್ ಹಿಡಿಯದೇ ಹೋದದ್ದು ಗೊತ್ತಿಲ್ಲದವರೂ ಇದ್ದಾರೆ. ಪರೀಕ್ಷೆ ಸುಲಭ. ಬ್ರೇಕ್ ಹಾಕಿದ ಯಂತ್ರವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯ ಮೇಲೆ ಕಾಲೂರಿ ಸ್ಟಾರ್ಟ್ ಮಾಡಿ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆತ್ತಿ, ಬಾರ್ ಯಾವುದಕ್ಕೂ ತಾಗದಂತೆ ನಿಂತು ಬ್ರೇಕ್ ಬಿಡಿಸಿ. ಚೈನ್ ಓಡುವಷ್ಟು ರೇಸ್ ಕೊಟ್ಟು, ಹಿಡಿ ಬಿಡದೆ ಎಡ ಮಣಿಕಟ್ಟಿನಿಂದ ಕಾಪನ್ನು ಮುಂದಕ್ಕೆ ತಳ್ಳಿ, ರೇಸ್ ಬಿಡಿ. ಚೈನ್ ಆ ಕ್ಷಣವೇ ನಿಂತರೆ ಮರದ ಬಳಿ ಹೋಗಬಹುದು. ಸ್ವಲ್ಪ ದೂರ ಓಡಿ ನಿಂತರೂ ಸಾಕು, ಆ ದಿನದ ಕೆಲಸ ಬಿಟ್ಟು ಯಂತ್ರವನ್ನು ರಿಪೇರಿಗೆ ಒಯ್ಯಿರಿ.